ಹಸೆಗೋಡೆಗೆ ಮುಂಗಡ

ತಂಗಿಯ ಮದುವೆ ಗೊತ್ತಾದ ವಾರವೇ ಅಮ್ಮ ಕೆಲಸ ಹಂಚಿಬಿಟ್ಟಳು. ಅಣ್ಣನಿಗೆ ಛತ್ರ, ಅಡುಗೆ, ಶಾಮಿಯಾನ. ಚಿಕ್ಕಪ್ಪನಿಗೆ ದಿಬ್ಬಣದ ಬಸ್ಸು. ನನಗೆ ‘ಚಿತ್ರದ್ದೆಲ್ಲ’. ಬೆಂಗಳೂರಿನ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇನ್‌ವಾಯ್ಸ್ ಪಾಸು ಮಾಡಿಕೊಂಡಿರುವವಳು ನಾನು. ಚಿತ್ರಕ್ಕೂ ನನಗೂ ಏನೂ ನಂಟಿಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದೆಲ್ಲ ಗೊತ್ತಿರುತ್ತದೆ ಅನ್ನುವುದು ಅಮ್ಮನ ನಂಬಿಕೆ. ಅದನ್ನು ಕೆಡಿಸಲು ನನಗೂ ಮನಸ್ಸಾಗಲಿಲ್ಲ.

ಚಿತ್ರದ್ದೆಲ್ಲ ಅಂದರೆ ಮೂರು ಬಾಬತ್ತು. ಊರ ಮನೆಯ ನಡುಮನೆ ಗೋಡೆಗೆ ಹಸೆ ಬರೆಸಬೇಕು. ಛತ್ರದಲ್ಲಿ ಮದುಮಕ್ಕಳ ಹಿಂದೆ ನಿಲ್ಲಿಸಲು ಹಲಗೆಯ ಮೇಲೆ ಇನ್ನೊಂದು ಹಸೆ ಬೇಕು. ಮದುವೆಯಾದ ಮೇಲೆ ಅದನ್ನು ತಂಗಿ ಬೆಂಗಳೂರಿನ ಬಾಡಿಗೆ ಮನೆಗೆ ಒಯ್ಯುತ್ತಾಳೆ. ಲಗ್ನಪತ್ರಿಕೆಗೆ ಅದೇ ಧಾಟಿಯ ಡಿಜಿಟಲ್ ಚಿತ್ರವೂ ಆಗಬೇಕು. ಮೂರಕ್ಕೂ ದುಡ್ಡು ಕೊಟ್ಟು ಬರೆಸುವುದು. ‘ದುಡ್ಡು ಕೊಟ್ಟು’ ಅಂದಾಗ ಅಮ್ಮ ಒಂದು ಗಳಿಗೆ ಸುಮ್ಮನಾದಳು, ಆಮೇಲೆ ‘ಹೌದು, ಇನ್ನೇನ್ ಮಾಡೂದು’ ಅಂದಳು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾವು ಸಾಗರದ ಕಡೆಯ ದೀವರು. ಸಾಗರ, ಸೊರಬ, ಹೊಸನಗರ, ಪಕ್ಕದ ಜಿಲ್ಲೆಯ ಸಿದ್ದಾಪುರ, ಈ ಸೀಮೆಯ ನಮ್ಮವರ ಮನೆಗಳಲ್ಲಿ ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ, ಅದೇ ಹಸೆ. ಮದುಮಕ್ಕಳನ್ನು ಕೂರಿಸಿ ಶಾಸ್ತ್ರ ಮಾಡುವುದು ಅದರ ಎದುರು. ಬರೆಯುವವರು ಹೆಂಗಸರು, ಚೆನ್ನಾಗಿ ಬರೆಯುವವಳನ್ನು ಚಿತ್ತಾರಗಿತ್ತಿ ಅನ್ನುತ್ತಾರೆ. ಬಣ್ಣ ನಾಲ್ಕೇ. ಕೆಂಪಿಗೆ ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು.

ನಮ್ಮಜ್ಜಿ ಬರೆಯುತ್ತಿದ್ದಳು. ನಾರನ್ನು ನನ್ನ ಕೈಗೆ ಕೊಡಲು ಬಂದಾಗ ನಾನು ಎಸ್ಸೆಸ್ಸೆಲ್ಸಿ ಓದಿನ ನೆಪ ಹೇಳಿ ಮಹಡಿ ಹತ್ತಿದ್ದೆ. ಓದಿದ್ದೂ ಅಷ್ಟಕ್ಕಷ್ಟೇ. ಅಜ್ಜಿ ಹೋದಳು. 2017ರಲ್ಲಿ ಹಳೇ ಮನೆ ಬಿಚ್ಚಿದಾಗ ಅವಳು ಬರೆದ ಗೋಡೆಯನ್ನು ಜೆಸಿಬಿ ಒಂದೇ ಸಲಕ್ಕೆ ಕೆಡವಿತು. ಆ ಗೋಡೆಯದು ನಮ್ಮಲ್ಲಿರುವುದು ಒಂದೇ ಫೋಟೊ. ಅದರಲ್ಲೂ ಮುಂದೆ ನಿಂತ ಚಿಕ್ಕಪ್ಪನ ಸ್ವೆಟರು ಅರ್ಧ ಚಿತ್ತಾರವನ್ನು ಮುಚ್ಚಿದೆ.

ಹುಡುಕಾಟ ಶುರುವಾದದ್ದು ಡಿಸೆಂಬರಿನಲ್ಲಿ. ಸೋದರತ್ತೆ ಹೇಳಿದ ಊರಿಗೆ ನಾನೂ ಅಣ್ಣನೂ ಬೈಕಿನಲ್ಲಿ ಹೋದೆವು. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ರಾಶಿ ಅಡಿಕೆ, ಸುತ್ತ ಕತ್ತಿಮಣೆ ಹಾಕಿಕೊಂಡು ಸುಲಿಯುತ್ತಿದ್ದ ಹೆಂಗಸರು. ಅವರ ನಡುವೆ ಕೂತಿದ್ದವಳೇ ನಾವು ಹುಡುಕಿಕೊಂಡು ಹೋದ ಅಮ್ಮ. ಅರವತ್ತು ದಾಟಿದ ಜೀವ. ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು, ‘ಗ್ವಾಡೆ ಎಂಥದ್ದು? ಮಣ್ಣಿಂದೋ ಸಿಮೆಂಟಿಂದೋ?’

ನಾನು ಬೆಂಗಳೂರಿಂದ ಒಂದು ಕಡತವನ್ನೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅಳತೆ, ಬಣ್ಣ, ಮಾದರಿ ಚಿತ್ರ, ಮದುವೆ ತಾರೀಖು, ಬಜೆಟ್ಟು. ಗೋಡೆ ಎಂಥದ್ದು ಅನ್ನುವುದು ಅದರಲ್ಲಿ ಇರಲಿಲ್ಲ. ಸಿಮೆಂಟು, ಮೇಲೆ ಪುಟ್ಟಿ, ಅದರ ಮೇಲೆ ಕೆನೆಬಣ್ಣದ ಎಮಲ್ಷನ್ ಅಂತ ಅಣ್ಣ ಹೇಳಿದ. ಅವಳು ಸೊಸೆಯ ಕಡೆ ನೋಡಿದಳು. ಸೊಸೆ ನಕ್ಕಳು. ‘ಅದ್ರ ಮೇಲೆ ಮಣ್ಣು ನಿಲ್ಲದಿಲ್ಲ. ಒಣಗಿದ್ ಮೇಲೆ ಹಪ್ಪಳದಂಗೆ ಏಳ್ತದೆ.’

ಆಮೇಲೆ ಎಷ್ಟಾಗುತ್ತದೆ ಅಂತ ಕೇಳಿದೆ. ನನ್ನ ವೃತ್ತಿಯೇ ಅದು, ದಿನಕ್ಕೆ ನಲವತ್ತು ಜನರಿಗೆ ಕೇಳುತ್ತೇನೆ. ಅಲ್ಲಿ ಮಾತ್ರ ನಾಲಿಗೆ ತೊದಲಿತು. ಆ ಅಮ್ಮ ‘ಕೊಟ್ಟಷ್ಟು ಕೊಡಿ’ ಅಂದು ಇನ್ನೊಂದು ಅಡಿಕೆ ಕೈಗೆತ್ತಿಕೊಂಡಳು. ಅಣ್ಣ ನನ್ನ ಕಡೆ ನೋಡಿದ. ಕೊಟ್ಟಷ್ಟು ಅಂದರೆ ಎಷ್ಟು? ಅಜ್ಜಿ ಹೋಗಿ ಬರೆದು ಬರುತ್ತಿದ್ದ ಕಾಲದಲ್ಲಿ ಎಲೆಅಡಿಕೆ, ಒಂದು ರವಿಕೆ ಕಣ, ಊಟ, ಅಷ್ಟೇ. ಇವತ್ತು ನಿಮ್ಮ ಮನೆಗೆ ನಾನು, ನಾಳೆ ನಮ್ಮ ಮನೆಗೆ ನೀವು. ಲೆಕ್ಕ ಇತ್ತು, ಆದರೆ ಅದು ಯಾರ ಪುಸ್ತಕದಲ್ಲೂ ಇರಲಿಲ್ಲ. ನಾನು ಅವರ ಮನೆಗೆ ಹೋಗಿ ಏನು ಬರೆದುಕೊಡಲಿ?

ಸಾಗರದಲ್ಲಿ ಬರೆಸುವ, ಕೆತ್ತಿಸುವ ಪದ್ಧತಿಯೇ ಇರಲಿಲ್ಲ ಅಂತಲ್ಲ. ಗುಡಿಗಾರರ ಹತ್ತಿರ ಗಂಧದ ಪೆಟ್ಟಿಗೆ ಮಾಡಿಸುವುದು, ಮದುವೆಗೆ ಬೆಂಡಿನ ಬಾಸಿಂಗ ಹೇಳುವುದು ಹಿಂದಿನಿಂದಲೂ ಇದೆ. ಮೊದಲೇ ಹೋಗಿ ಹೇಳಬೇಕು, ಇಂಥಾ ದಿನಕ್ಕೆ ಬೇಕು ಅನ್ನಬೇಕು, ದುಡ್ಡು ಕೊಡಬೇಕು. ಬಾಸಿಂಗಕ್ಕೆ ಬೆಲೆ ಕೇಳಲು ಯಾರೂ ನಾಚುವುದಿಲ್ಲ. ಅದೇ ಬಾಸಿಂಗವನ್ನು ಗೋಡೆಯ ಮೇಲೆ ಎಳೆಯಲ್ಲಿ ಬರೆದವಳಿಗೆ ಮಾತ್ರ ಒಂದು ಕಣ. ಗಂಡಸರು ಪೇಟೆಯಲ್ಲಿ ಕೂತು ಮಾಡಿದ್ದು ಕಸುಬು, ಹೆಂಗಸರು ಮನೆಯೊಳಗೆ ಮಾಡಿದ್ದು ಶಾಸ್ತ್ರ. ಬೈಕಿನಲ್ಲಿ ವಾಪಸು ಬರುವಾಗ ಇದನ್ನು ಅಣ್ಣನಿಗೆ ಹೇಳಿದೆ. ಅವನು ಹೆಲ್ಮೆಟ್ಟಿನೊಳಗಿಂದ ‘ಫ್ಲೆಕ್ಸ್ ಹಾಕ್ಸಿದ್ರೆ ಸಾವಿರ ರೂಪಾಯೊಳಗೆ ಮುಗೀತಿತ್ತು’ ಅಂದ.

ಗಂಟು ಬಿಡಿಸಿದವಳು ಸೊಸೆ. ರಾತ್ರಿ ವಾಟ್ಸ್ಯಾಪಿನಲ್ಲಿ ಧ್ವನಿ ಸಂದೇಶ ಕಳಿಸಿದಳು. ಹಿಂದುಗಡೆ ಕುಕ್ಕರ್ ಕೂಗುತ್ತಿತ್ತು. ‘ಅತ್ತೆ ಹಂಗೇ ಹೇಳದು, ನೀವು ಬೇಜಾರ್ ಮಾಡ್ಕಳಬೇಡಿ. ಇಬ್ರು ಬರ್ತೀವಿ, ಐದು ದಿನ. ಒಬ್ರಿಗೆ ದಿನಕ್ಕೆ ಸಾವಿರದೈನೂರು. ಮಣ್ಣು, ನಾರು, ಬಸ್ ಚಾರ್ಜು ಸೇರಿ ಎರಡ್ ಸಾವಿರ. ಹಲಗೆದು ಬೇರೆ, ಒಂಬತ್ತು.’ ಒಟ್ಟು 26,000. ಅರ್ಧ ಮುಂಗಡ. ಅಡಿಕೆ ಸುಲಿತ ಮುಗಿದ ಮೇಲೆ, ಮಾರ್ಚಿನಲ್ಲಿ ಬರುವುದು. ಊಟ, ಉಳಿಯುವುದು ನಮ್ಮ ಮನೆಯಲ್ಲೇ. ಚದರಡಿ ಲೆಕ್ಕ ಯಾಕೆ ಹೇಳಲಿಲ್ಲ ಅಂತ ಕುತೂಹಲಕ್ಕೆ ಕೇಳಿದೆ. ಊರ ಹೊರಗಿನವರಿಗೆ ಚದರಡಿ ಲೆಕ್ಕವೇ ಹೇಳುತ್ತಾರಂತೆ. ‘ನಮ್ಮೋರ ಮದ್ವೆಗೆ ಅಡಿ ಹಿಡ್ದು ಅಳಿಯಕ್ಕೆ ಅತ್ತೆ ಬಿಡಲ್ಲ.’ ಅಂದರೆ ದಿನಗೂಲಿ ಅನ್ನುವುದು ಕಣಕ್ಕೂ ಚದರಡಿಗೂ ನಡುವೆ ಅವರೇ ಕಂಡುಕೊಂಡ ದಾರಿ. ನಾನು ಚೌಕಾಸಿ ಮಾಡಲಿಲ್ಲ. 13,000 ಆ ರಾತ್ರಿಯೇ ಫೋನಿನಲ್ಲಿ ಹಾಕಿದೆ. ಒಪ್ಪಿದ್ದನ್ನೆಲ್ಲ ಎಂಟು ಸಾಲಿನಲ್ಲಿ ಟೈಪು ಮಾಡಿ ಕಳಿಸಿದೆ. ಸೊಸೆ ಹೆಬ್ಬೆರಳಿನ ಗುರುತು ಕಳಿಸಿದಳು. ಆ ಎಂಟು ಸಾಲು ಆಮೇಲೆ ಒಂದು ಸಲವೂ ತೆಗೆದು ನೋಡಬೇಕಾಗಿ ಬರಲಿಲ್ಲ.

ಬರೆಯಬೇಕಾಗಿದ್ದದ್ದು ಇನ್ನೊಂದು ಕಡೆ, ಬರೆಯಲಿಲ್ಲ.

ಲಗ್ನಪತ್ರಿಕೆಗೆ ಬೆಂಗಳೂರಿನಲ್ಲೇ ಇರುವ ಒಬ್ಬ ಹುಡುಗಿಯನ್ನು ಹಿಡಿದೆ. ಟ್ಯಾಬ್ಲೆಟ್ಟಿನಲ್ಲಿ ಬರೆಯುತ್ತಾಳೆ, ಕೈ ಚೆನ್ನಾಗಿದೆ, ಮಾತು ಕಡಿಮೆ. 9,000, ಎರಡು ಸಲ ತಿದ್ದುವುದು ಅದರಲ್ಲೇ ಸೇರಿದೆ, ಮೂರನೆಯದರಿಂದ ತಿದ್ದಿದಷ್ಟು ಸಲ ಸಾವಿರ. ನಾನು ‘ಹಸೆ ಚಿತ್ತಾರ ಶೈಲಿ’ ಅಂತ ಒಂದು ಸಾಲು ಬರೆದು, ಇಂಟರ್ನೆಟ್ಟಿನಲ್ಲಿ ಸಿಕ್ಕ ಮೂರು ಚಿತ್ರ ಅಂಟಿಸಿ ಕಳಿಸಿದೆ. ಹತ್ತು ದಿನಕ್ಕೆ ಮೊದಲ ಕರಡು ಬಂತು. ಸೊಗಸಾಗಿತ್ತು. ಎರಡು ತ್ರಿಕೋನ ತುದಿಗೆ ತುದಿ ತಾಗಿಸಿದ ಮೈ, ದುಂಡನೆ ತಲೆ, ಕಡ್ಡಿ ಕೈಕಾಲು, ಸುತ್ತು ಕಟ್ಟಿ ಕುಣಿಯುವ ಜನ. ಅಮ್ಮನಿಗೆ ತೋರಿಸಿದೆ. ‘ಚಂದ ಐತೆ. ಯಾರ ಮದ್ವೆದು?’ ಅಂದಳು.

ಅದು ವಾರ್ಲಿ. ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆಯದು. ಅದೂ ಕೆಮ್ಮಣ್ಣಿನ ಬಣ್ಣದ ಮೇಲೆ ಅಕ್ಕಿಹಿಟ್ಟಿನ ಬಿಳಿಯೇ, ಅದಕ್ಕೇ ಹುಡುಕಿದಾಗ ಎರಡೂ ಒಟ್ಟಿಗೇ ಬರುತ್ತವೆ. ಬಿಟ್ಟರೆ ಎರಡಕ್ಕೂ ಬಹಳ ದೂರ. ವಾರ್ಲಿಯಲ್ಲಿ ಜನ ಓಡಾಡುತ್ತಾರೆ. ನಮ್ಮದರಲ್ಲಿ ಎಲ್ಲ ನಿಂತಿರುತ್ತದೆ, ಎಳೆಯ ಪಕ್ಕ ಎಳೆ, ಹೆಣೆದ ಚಾಪೆಯ ಹಾಗೆ. ತಪ್ಪು ಹುಡುಗಿಯದಲ್ಲ. ನಾನು ಅಂಟಿಸಿದ ಮೂರರಲ್ಲಿ ಒಂದು ವಾರ್ಲಿಯೇ ಆಗಿತ್ತು. ನಮ್ಮ ಮನೆಯ ಗೋಡೆಯ ಮೇಲಿದ್ದದ್ದು ಏನು ಅಂತ ನನಗೇ ನೆಟ್ಟಗೆ ಗೊತ್ತಿಲ್ಲದೆ ಇನ್ನೊಬ್ಬರಿಗೆ ಬರೆಯಲು ಹೇಳಿದ್ದೆ. ನಾಚಿಕೆಯಾಯಿತು. ಆಮೇಲೆ ಸೋದರತ್ತೆಯ ಊರಿಗೆ ಹೋಗಿ ಇನ್ನೂ ಉಳಿದಿದ್ದ ಒಂದು ಹಳೇ ಗೋಡೆಯನ್ನು ನೇರ ನಿಂತು, ಅಡ್ಡ ಬೆಳಕಿನಲ್ಲಿ, ಮೂಲೆಮೂಲೆಗೆ ಫೋಟೊ ತೆಗೆದು ಕಳಿಸಿದೆ. ನಡುವೆ ಮದುಮಕ್ಕಳು ಕೂತ ದಂಡಿಗೆ, ಮೇಲೆ ಬಾಸಿಂಗ, ಪಕ್ಕದಲ್ಲಿ ಏಣಿ, ಕೆಳಗೆ ಭತ್ತದ ಸಸಿ, ಯಾವುದು ಎಲ್ಲಿ ಅಂತ ಅತ್ತೆಯನ್ನು ಕೇಳಿ ಫೋಟೊದ ಮೇಲೆ ಬಾಣ ಹಾಕಿ ಗುರುತಿಸಿದೆ. ಎರಡನೆಯ ಕರಡು ಬಂದಾಗ ಅಮ್ಮ ಏನೂ ಕೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು. ಇಷ್ಟವಾಯಿತು ಅಂತ ಅರ್ಥ.

ಮುದ್ರಣದಲ್ಲಿ ಇನ್ನೊಂದು ಪಾಠ ಕಾದಿತ್ತು. ತಂಗಿ ಆರಿಸಿದ್ದು ಕಂದು ಬಣ್ಣದ ಕ್ರಾಫ್ಟ್ ಕಾಗದ. ಪರದೆಯ ಮೇಲೆ ಕಂದು ಹಿನ್ನೆಲೆ, ಬಿಳಿ ಎಳೆ, ಎಷ್ಟು ಚೆಂದ. ಮಾದರಿ ಪ್ರತಿ ಕೈಗೆ ಬಂದಾಗ ಎಳೆಗಳೇ ಇಲ್ಲ. ಮಾಮೂಲಿ ಪ್ರೆಸ್ಸಿನಲ್ಲಿ ಇರುವುದು ನಾಲ್ಕು ಶಾಯಿ: ನೀಲಿ, ಗುಲಾಬಿ ಕೆಂಪು, ಹಳದಿ, ಕಪ್ಪು. ಬಿಳಿ ಶಾಯಿ ಇಲ್ಲ. ಬಿಳಿ ಬೇಕಾದಲ್ಲಿ ಶಾಯಿ ಬೀಳುವುದಿಲ್ಲ, ಕಾಗದದ ಬಿಳಿಯೇ ಬಿಳಿ. ಕಾಗದವೇ ಕಂದಾದರೆ ಬಿಳಿ ಎಲ್ಲಿಂದ ಬರಬೇಕು? ಪರದೆಯ ಮೇಲಿದ್ದ ಕೆಂಪೂ ಕಾಗದಕ್ಕಿಳಿದ ಮೇಲೆ ಹಳೇ ಇಟ್ಟಿಗೆಯ ಹಾಗೆ ಮಂಕಾಗಿತ್ತು. ಚಿತ್ರ ಬರೆದ ಹುಡುಗಿ ‘ಮುದ್ರಣ ಎಲ್ಲಿ, ಯಾವ ಕಾಗದ ಅಂತ ಮೊದಲೇ ಕೇಳಿದ್ದೆ, ನೀವು ಆಮೇಲೆ ಹೇಳ್ತೀನಿ ಅಂದ್ರಿ’ ಅಂದಳು. ನಿಜ, ಸಂದೇಶ ಅಲ್ಲೇ ಇತ್ತು. ಕೊನೆಗೆ ಕೆಂಗಂದು ಕೈಕಾಗದ ತರಿಸಿ, ಹಳೇ ಕಾಲದ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಿಳಿ ಶಾಯಿ ಹಾಕಿಸಿದೆವು. ಅದಕ್ಕಾಗಿ ಅವಳು ಸಣ್ಣ ಎಳೆಗಳನ್ನೆಲ್ಲ ದಪ್ಪ ಮಾಡಿಕೊಡಬೇಕಾಯಿತು. ತೀರ ಸಪೂರ ಗೆರೆ ಜಾಲರಿಯಲ್ಲಿ ಮುರಿದುಹೋಗುತ್ತದೆ. ಅಷ್ಟೊತ್ತಿಗೆ ತಿದ್ದುಪಡಿ ಮೂರನೆಯದಕ್ಕೆ ಬಂದಿತ್ತು. ಸಾವಿರ ಕೊಟ್ಟೆ. ಬೆರಳಿಂದ ಸವರಿದರೆ ಎಳೆ ಉಬ್ಬು ಉಬ್ಬಾಗಿ ತಾಗುತ್ತಿತ್ತು, ಒಣಗಿದ ಅಕ್ಕಿಹಿಟ್ಟಿನ ಹಾಗೆಯೇ.

ಮದುವೆಯಾಗಿ ಎರಡು ತಿಂಗಳಿಗೆ ಹೊಸನಗರದ ಕಡೆಯ ದಾಯಾದಿಯೊಬ್ಬಳು ಫೋಟೊ ಕಳಿಸಿದಳು: ಬೇರೆ ಯಾರದೋ ಮದುವೆ ಪತ್ರಿಕೆ, ಮೇಲೆ ನಮ್ಮದೇ ಚಿತ್ರ. ಪ್ರೆಸ್ಸಿನವರು ಫೈಲು ಇಟ್ಟುಕೊಂಡು ಮಾದರಿ ಪುಸ್ತಕಕ್ಕೆ ಸೇರಿಸಿದ್ದರು. ಫೋನು ಮಾಡಿದರೆ, ‘ಇದು ಜಾನಪದ ಅಲ್ವಾ ಮೇಡಂ, ಯಾರದ್ದೂ ಅಲ್ಲ’ ಅಂದರು. ಆ ಮಾತಿಗೆ ಉತ್ತರ ಹುಡುಕಲು ಹೋಗಿ ಒಂದು ಭಾನುವಾರವಿಡೀ ಕಾಯ್ದೆ ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಆದರೆ 57ನೇ ಸೆಕ್ಷನ್ ಇನ್ನೊಂದು ಹೇಳುತ್ತದೆ. ಹಕ್ಕು ಕೈಬದಲಾದ ಮೇಲೂ ‘ಇದು ನಾನು ಮಾಡಿದ್ದು’ ಎಂದು ಹೇಳಿಕೊಳ್ಳುವ ಅಧಿಕಾರ, ತನ್ನ ಮಾನಕ್ಕೆ ಕುಂದಾಗುವಂತೆ ಕೃತಿಯನ್ನು ಕೆಡಿಸಿದರೆ ಪ್ರಶ್ನಿಸುವ ಅಧಿಕಾರ ಮಾಡಿದವರಲ್ಲೇ ಉಳಿಯುತ್ತದೆ. ಅಮರ್‌ನಾಥ್ ಸೆಹಗಲ್ ಅನ್ನುವ ಶಿಲ್ಪಿ ದೆಹಲಿಯ ವಿಜ್ಞಾನ ಭವನದ ಗೋಡೆಗೆ ಮಾಡಿಕೊಟ್ಟಿದ್ದ ಕಂಚಿನ ಕೆಲಸವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು, ಉಳಿದದ್ದನ್ನು ಅವರಿಗೇ ಕೊಡಿ, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಅಂದಿತು. ಅದನ್ನು ಓದುವಾಗ ನನಗೆ ಜೆಸಿಬಿ ನೆನಪಾಯಿತು.

ನಮ್ಮ ಪತ್ರಿಕೆಯ ಚಿತ್ರದ ವಿಷಯಕ್ಕೆ ಬಂದರೆ, ಹುಡುಗಿ ಬರೆದದ್ದು, ನಾನು ಕಾಸು ಕೊಟ್ಟದ್ದು, ಮೂಲ ಯಾವಳೋ ಹಳೇ ಚಿತ್ತಾರಗಿತ್ತಿಯ ಗೋಡೆಯದು. ಯಾರದ್ದು ಅಂತ ಮೂವರಲ್ಲಿ ಯಾರೂ ಬರೆದಿಟ್ಟಿಲ್ಲ. ಹುಡುಗಿಯೂ ನಾನೂ ಸೇರಿ ಪ್ರೆಸ್ಸಿನವರ ಜೊತೆ ಮಾತಾಡಿ ಆ ಪುಟವನ್ನು ಮಾದರಿ ಪುಸ್ತಕದಿಂದ ತೆಗೆಸಿದೆವು. ಹೋದದ್ದು ಹೋಯಿತು. ಫೈಲು ಯಾರ ಹತ್ತಿರ ಇರಬೇಕು, ಮತ್ತೆ ಬಳಸಬಹುದೋ ಇಲ್ಲವೋ, ಬರೆದವರ ಹೆಸರು ಎಲ್ಲಿ ಬರಬೇಕು, ಈ ಮೂರು ಸಾಲಿಗೆ ಐದು ನಿಮಿಷ ಸಾಕಿತ್ತು.

ಈಗ ಗೋಡೆ. ಮಾರ್ಚಿನ ಎರಡನೇ ವಾರ ಅತ್ತೆ ಸೊಸೆ ಇಬ್ಬರೂ ಒಂದು ಚೀಲ ಮಣ್ಣಿನೊಂದಿಗೆ ಬಸ್ಸಿಳಿದರು. ಮಣ್ಣು ನಮ್ಮೂರಲ್ಲೂ ಇದೆಯಲ್ಲ ಅಂದರೆ, ‘ನಿಮ್ ಮಣ್ಣಾಗೆ ಮರಳು ಜಾಸ್ತಿ’ ಅಂದಳು ಅತ್ತೆ. ಅವರು ಬರುವ ಮೊದಲೇ ಅಣ್ಣ ಆರಡಿ ಅಗಲ, ಐದಡಿ ಎತ್ತರದ ಜಾಗದಲ್ಲಿ ಎಮಲ್ಷನ್ನು, ಪುಟ್ಟಿ ಎರಡನ್ನೂ ಕೆರೆದು, ಗಾರೆಯ ಮೇಲೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿಸಿಡಬೇಕಾಗಿತ್ತು. ಎರಡು ದಿನದ ಕೆಲಸ, ಮನೆ ತುಂಬ ಬಿಳಿ ಧೂಳು. ಮೂರು ವರ್ಷ ಸಾಲ ತೀರಿಸಿ ಕಟ್ಟಿದ ಮನೆಯ ಹೊಸ ಗೋಡೆಯನ್ನು ಮದುವೆಗೆಂದು ಹಾಳು ಮಾಡುವುದು ಅವನ ಹೊಟ್ಟೆಗೆ ಬೆಂಕಿ ಹಾಕಿದ ಹಾಗಿತ್ತು. ಕೆರೆದ.

ಮಣ್ಣನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿದರು. ತಳದಲ್ಲಿ ಕಲ್ಲು, ಮರಳು ಉಳಿಯಿತು. ಬಟ್ಟೆಯ ಕೆಳಗೆ ಇಳಿದದ್ದು ಬೆಣ್ಣೆ. ಅದಕ್ಕೆ ಸೊಸೆ ಫೆವಿಕಾಲ್ ಬೆರೆಸಿದಳು. ಅತ್ತೆ ಮುಖ ಆಚೆ ತಿರುಗಿಸಿದಳು. ಮಣ್ಣಿನ ಗೋಡೆಗೆ ಅದು ಬೇಡ, ಗೋಡೆಯೇ ಹಿಡಿದುಕೊಳ್ಳುತ್ತದೆ, ಸಿಮೆಂಟಿಗೆ ಬೇಕು. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಒಂದು ಕೈ ಬಳಿದರು. ಒಣಗಲು ಅರ್ಧ ದಿನ. ಮತ್ತೊಂದು ಕೈ. ಮತ್ತೊಂದು. ಒಂದೇ ಸಲ ದಪ್ಪಗೆ ಬಳಿದರೆ ಕೆರೆ ಒಣಗಿದಂತೆ ಸೀಳು ಬಿಡುತ್ತದೆ. ಐದರಲ್ಲಿ ಎರಡು ದಿನ ಗೋಡೆಗೇ ಹೋಯಿತು. ಚಿತ್ರ ಶುರುವಾಗಿಲ್ಲವಲ್ಲ ಅಂತ ನಾನು ಬೆಂಗಳೂರಿಂದ ಫೋನು ಮಾಡಿ ಮಾಡಿ ಕೇಳಿದೆ. ಮೂರನೆಯ ದಿನಕ್ಕೆ ರಜೆ ಹಾಕಿ ಬಂದೆ.

ಬಂದಾಗ ಬೆಳಗಿನ ಎಂಟು ಗಂಟೆ. ಚಿತ್ತಾರದ ಅಮ್ಮ (ಇನ್ನು ಇವಳನ್ನು ದೊಡ್ಡಮ್ಮ ಅಂತಲೇ ಕರೆಯುತ್ತೇನೆ, ಆ ಐದು ದಿನ ಮನೆಯವರೆಲ್ಲ ಹಾಗೇ ಕರೆದದ್ದು) ಕಾಲು ಚಾಚಿ ಕೂತು ನಾರು ಸಿದ್ಧ ಮಾಡುತ್ತಿದ್ದಳು. ಬೆರಳುದ್ದದ ಪುಂಡಿ ನಾರಿನ ತುದಿಯನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಜಜ್ಜಿ, ಹಲ್ಲಿನಲ್ಲಿ ಒಂದು ಎಳೆ ಸೀಳಿ ತೆಗೆದು, ನೀರಲ್ಲದ್ದಿ ಬೆಳಕಿಗೆ ಹಿಡಿದು ನೋಡುವಳು. ಸಪೂರ ಎಳೆಗೊಂದು, ದಪ್ಪಕ್ಕೊಂದು, ಚುಕ್ಕಿಗೊಂದು. ನಾನು ಬೆಂಗಳೂರಿಂದ ತಂದಿದ್ದ ಕುಂಚದ ಡಬ್ಬಿಯನ್ನು ತೋರಿಸಿದೆ. ಒಂದನ್ನು ಎತ್ತಿಕೊಂಡು ಕೂದಲನ್ನು ಅಂಗೈಗೆ ಒತ್ತಿ, ‘ಇದು ಬಳುಕ್ತದೆ’ ಅಂದು ವಾಪಸು ಇಟ್ಟಳು.

ಮೊದಲು ಹೊರಗಿನ ಚೌಕ. ಅದಕ್ಕೆ ಮಾತ್ರ ನೂಲು ಹಿಡಿದರು, ಆಚೆ ತುದಿ ನನ್ನ ಕೈಗೆ ಕೊಟ್ಟು. ಒಳಗಿನದೆಲ್ಲ ಕಣ್ಣಳತೆ. ಅಕ್ಕಿಯ ಬಿಳಿಯಲ್ಲಿ ನಾರನ್ನದ್ದಿ, ತಟ್ಟೆಯ ಅಂಚಿಗೆ ಒಂದು ಸಲ ಒರೆಸಿ, ಗೋಡೆಗೆ ಮಲಗಿಸಿದಂತೆ ಇಟ್ಟು ಎಳೆಯುವಳು. ಮಣಿಕಟ್ಟು ಅಲ್ಲಾಡುವುದಿಲ್ಲ, ಮೊಣಕೈಯೂ ಇಲ್ಲ, ಭುಜದಿಂದಲೇ ಇಡೀ ಕೈ ಇಳಿದುಬರುವುದು. ಉಸಿರು ಹಿಡಿದಿರುತ್ತಾಳೆ ಅನ್ನುವುದು ಎಳೆ ಮುಗಿದಾಗ ಗೊತ್ತಾಗುತ್ತದೆ. ಇನ್ನೊಂದು ವಿಚಿತ್ರ: ಒದ್ದೆ ಇರುವಾಗ ಅಕ್ಕಿಯ ಬಿಳಿ ಕಾಣುವುದೇ ಇಲ್ಲ, ಕೆಂಪಿನ ಮೇಲೆ ನೀರಿನ ಗೆರೆಯಷ್ಟೇ. ಐದಾರು ನಿಮಿಷ ಬಿಟ್ಟು, ಒಣಗುತ್ತ ಒಣಗುತ್ತ, ಮೇಲಿನಿಂದ ಕೆಳಕ್ಕೆ ಬೆಳ್ಳಗೆ ಮೂಡುತ್ತ ಬರುತ್ತದೆ. ತಾನು ಬರೆದದ್ದನ್ನು ನೋಡದೆಯೇ ಅವಳು ಮುಂದಿನ ಎಳೆಗೆ ಹೋಗಿರುತ್ತಾಳೆ. ಬರೆಯುವಾಗ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ನಾನು ಮೊಬೈಲು ತೆಗೆದ ಕೂಡಲೇ ನಿಲ್ಲಿಸಿದಳು. ಮೊಬೈಲು ಒಳಗಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನಾನು ಮಾಡಿದ ಒಂದು ಅಧಿಕಪ್ರಸಂಗವನ್ನೂ ಹೇಳಬೇಕು. ತಂಗಿ ನರ್ಸು. ಅವಳು ಮೊದಲ ಸಂಬಳದಲ್ಲಿ ಕೊಂಡ ಸ್ಕೂಟರನ್ನು ಚಿತ್ತಾರದಲ್ಲಿ ಎಲ್ಲಾದರೂ ಸೇರಿಸಬೇಕು ಅನ್ನುವುದು ಅವಳ ಆಸೆ. ‘ದುಡ್ಡು ಕೊಟ್ಟು ಬರೆಸೋದಲ್ವಾ, ಕೇಳೋದಕ್ಕೇನು’ ಅಂತ ನಾನೇ ಅವಳನ್ನು ಉಬ್ಬಿಸಿದ್ದೆ. ಕೇಳಿದೆ. ದೊಡ್ಡಮ್ಮ ಕೈಲಿದ್ದ ನಾರನ್ನು ತಟ್ಟೆಗೆ ಒರಗಿಸಿ, ‘ಗಾಲಿ ಉರುಟಲ್ವಾ? ಇದ್ರಾಗೆ ನಾ ಉರುಟು ಬರೆಯದಿಲ್ಲ’ ಅಂದಳು. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಅಡ್ಡಾಗಿದ್ದಾಗ ನೋಡಿದರೆ ಅಂಗಳದಲ್ಲಿ ಸ್ಕೂಟರಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಸಂಜೆ ಕೆಳಗಿನ ಸಾಲಿನಲ್ಲಿ, ಭತ್ತದ ಸಸಿಗಳ ನಡುವೆ, ಏನೋ ಒಂದು ಮೂಡಿತು. ಎರಡು ಪುಟ್ಟ ಹಸೆಮಣೆಗಳ ಹಾಗೆ ಕೋನದ ಮೇಲೆ ನಿಂತ ಚೌಕ, ಮೇಲೆ ಅಡ್ಡಕ್ಕೊಂದು ಪಟ್ಟಿ, ತುದಿಯಲ್ಲಿ ಕೊಂಬಿನ ಹಾಗೆ ಎರಡು ಗೆರೆ. ಗೊತ್ತಿದ್ದವರಿಗೆ ಸ್ಕೂಟರು. ಗೊತ್ತಿಲ್ಲದವರಿಗೆ ಹೋರಿ. ಮದುವೆಗೆ ಬಂದ ಮುದುಕರೆಲ್ಲ ಹೋರಿ ಅಂತಲೇ ಮೆಚ್ಚಿದರು.

ಹಲಗೆಯ ಕಥೆ ಚಿಕ್ಕದು. ನಾಲ್ಕಡಿ ಮೂರಡಿ ಪ್ಲೈವುಡ್ಡಿಗೆ ಕೋರಾ ಬಟ್ಟೆ ಅಂಟಿಸಿ, ಅದರ ಮೇಲೆ ಮಣ್ಣು ಬಳಿದು, ಅವರ ಮನೆಯಲ್ಲೇ ಬರೆದಿಟ್ಟಿದ್ದರು. ಬಟ್ಟೆ ಇದ್ದರೆ ಮಣ್ಣು ಸೀಳುವುದಿಲ್ಲ. ತಕರಾರು ಬಂದದ್ದು ಬಿಳಿಗೆ. ಅಕ್ಕಿಹಿಟ್ಟು ಅಂದರೆ ಇರುವೆಗೆ, ಜಿರಳೆಗೆ ಊಟ. ಬೆಂಗಳೂರಿನ ಬಾಡಿಗೆ ಮನೆಗೆ ಹೋಗುವ ಹಲಗೆ ನಾಲ್ಕು ವರ್ಷವಾದರೂ ಇರಬೇಕಲ್ಲ, ಅಕ್ರಿಲಿಕ್ ಬಿಳಿ ಹಾಕಿ ಅಂತ ನಾನು ಹೇಳಿದೆ. ಸೊಸೆ ಒಪ್ಪಿದಳು. ದೊಡ್ಡಮ್ಮ, ‘ಹುಳ ತಿಂದ್ರೆ ತಿನ್ಲಿ, ಮತ್ತೆ ಬರೀಲಿಕ್ಕೆ ನಾ ಇಲ್ವನ?’ ಅಂದಳು. ಅಕ್ರಿಲಿಕ್ಕೇ ಹಾಕಿಸಿದೆ. ಈಗ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ: ಅಕ್ರಿಲಿಕ್ಕಿನ ಎಳೆ ಮೊದಲಿನಿಂದ ಕೊನೆಯವರೆಗೆ ಒಂದೇ ಬಿಳಿ, ಅಕ್ಕಿಯದು ನಾರು ಗೋಡೆ ಮುಟ್ಟಿದಲ್ಲಿ ದಟ್ಟ, ಬಿಡುವಲ್ಲಿ ತೆಳು. ಯಾವುದು ಸರಿ ಅಂತ ಕೇಳಿದರೆ ತಂಗಿಯ ಮನೆಯ ಜಿರಳೆ ನೆನೆಸಿಕೊಂಡು ಅಕ್ರಿಲಿಕ್ಕೇ ಅನ್ನುತ್ತೇನೆ, ಆದರೆ ನೋಡುತ್ತ ನಿಲ್ಲುವುದು ಗೋಡೆಯ ಮುಂದೆ.

ಛತ್ರದಲ್ಲಿ ಹಲಗೆಗೆ ಜಾಗ ಇರಲಿಲ್ಲ. ಅಲಂಕಾರದವರು ಹಿಂದಿನ ರಾತ್ರಿಯೇ ಥರ್ಮಾಕೋಲಿನ ಹೃದಯ, ಎಲ್ಇಡಿ ಅಕ್ಷರದ ಹೆಸರು ಎಲ್ಲ ಬಿಗಿದಿದ್ದರು. ಅಣ್ಣನಿಗೆ ಅವರ ಹತ್ತಿರ ಹಸೆಯ ವಿಷಯ ಹೇಳಲು ಮರೆತುಹೋಗಿತ್ತಂತೆ. ಬೆಳಗಿನ ಐದು ಗಂಟೆಗೆ ರೇಷ್ಮೆ ಸೀರೆಯುಟ್ಟು ನಾನು ಆ ಹುಡುಗರ ಜೊತೆ ಜಗಳಕ್ಕೆ ನಿಂತದ್ದೇ ಬಂತು. ಹೃದಯ ಮೇಲಕ್ಕೆ ಸರಿಯಿತು, ಹಲಗೆ ಅದರ ಕೆಳಗೆ, ಎರಡು ಕುರ್ಚಿಗಳ ಬೆನ್ನಿಗೆ ಹಗ್ಗ ಕಟ್ಟಿ ನಿಂತಿತು. ಆಲ್ಬಮ್ ಬಂದ ಮೇಲೆ ನೋಡಿದರೆ ಒಂದು ಫೋಟೊದಲ್ಲೂ ಚಿತ್ತಾರ ಪೂರ್ತಿ ಇಲ್ಲ. ಭಾವನ ಪೇಟ ಅಡ್ಡ. ಮದುವೆಯ ನಾಲ್ಕನೇ ದಿನ ಹಲಗೆಯನ್ನು ಹಳೇ ಜಮಖಾನದಲ್ಲಿ ಸುತ್ತಿ ತಾಳಗುಪ್ಪದ ರೈಲಿನ ಮೇಲಿನ ಬರ್ತಿನಲ್ಲಿ ಮಲಗಿಸಿ, ನಾನು ಕೆಳಗೆ ಕೂತು ಬೆಂಗಳೂರಿಗೆ ತಂದೆ. ಟೀಸಿ ಏನಿದು ಅಂದ. ಮಣ್ಣು ಅಂದೆ.

ಉಳಿದ 13,000ವನ್ನು ಗೋಡೆ ಮುಗಿದ ಸಂಜೆಯೇ ಕೊಟ್ಟಿದ್ದೆ. ಸೊಸೆಯ ಖಾತೆಗೆ ಅರ್ಧ, ದೊಡ್ಡಮ್ಮನ ಕೈಗೆ ನಗದು ಅರ್ಧ. ಹಾಗೇ ಬೇಕು ಅಂತ ಸೊಸೆಯೇ ಮೊದಲು ಹೇಳಿದ್ದಳು. ಅಮ್ಮ ಅದರ ಮೇಲೆ ಎಲೆಅಡಿಕೆ, ಒಂದೊಂದು ಸೀರೆ, ಕಣ ಇಟ್ಟಳು. ದೊಡ್ಡಮ್ಮ ಕಣವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ನೋಟನ್ನು ಎಣಿಸಿಯೇ ಚೀಲಕ್ಕೆ ಹಾಕಿದಳು, ಎರಡು ಸಲ. ಗೋಡೆಯ ಮೂಲೆಯಲ್ಲಿ ಹೆಸರು ಬರೆಯಿರಿ ಅಂದೆ. ‘ನನ್ ಹೆಸ್ರ್ಯಾಕೆ? ಮದ್ವೆ ನಂದಾ?’ ಅಂತ ನಕ್ಕಳು. ಹೆಸರು ಹಲಗೆಯ ಹಿಂದೆ ಮಾತ್ರ ಇದೆ, ಸೊಸೆಯ ಕೈಬರಹದಲ್ಲಿ, ಇಬ್ಬರದೂ, ಬಾಲ್‌ಪೆನ್ನಿನಲ್ಲಿ.

ಮಳೆಗಾಲ ಕಳೆದು ಸೆಪ್ಟೆಂಬರಿನಲ್ಲಿ ಊರಿಗೆ ಹೋದೆ. ಗೋಡೆ ನಿಂತಿದೆ, ಹಪ್ಪಳವಾಗಿಲ್ಲ. ಎಡಗಡೆ ಕೆಳಮೂಲೆಯಲ್ಲಿ ತೇವ ಹೊಡೆದು ಬೂಷ್ಟು ಕಟ್ಟಿದೆ, ಅದರ ಪಕ್ಕದ ಎರಡು ಸಾಲು ಸಸಿಯನ್ನು ಇರುವೆಗಳು ತಿಂದು ಮುಗಿಸಿವೆ. ಕೆಂಪಿನ ಮೇಲೆ ಎಳೆ ಇದ್ದ ಜಾಗ ನೆರಳಿನ ಹಾಗೆ ಕಾಣುತ್ತದೆ. ಸ್ಕೂಟರಿನ ಹಿಂದಿನ ಗಾಲಿ ಪೂರ್ತಿ ಹೋಗಿದೆ. ಫೋಟೊ ತೆಗೆದು ಸೊಸೆಗೆ ಕಳಿಸಿ, ಸರಿ ಮಾಡಲು ಎಷ್ಟು ಅಂತ ಕೇಳಿದೆ. ರಾತ್ರಿ ಧ್ವನಿ ಸಂದೇಶ ಬಂತು. ಈ ಸಲ ದೊಡ್ಡಮ್ಮನೇ ಮಾತಾಡಿದ್ದಳು, ಮೊಬೈಲನ್ನು ಬಾಯಿಗೆ ತೀರ ಹತ್ತಿರ ಹಿಡಿದು, ಕೂಗಿ: ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯುವುದಿದೆ, ಮನೇದೂ ಇದೆ, ಹೇಳಿದವರದೂ ಇದೆ, ಅದು ಕಳೀಲಿ. ಆಮೇಲೆ ಬರ್ತೀನಿ. ಒಂದ್ ದಿನದ ಕೆಲಸ, ದುಡ್ಡು ಬ್ಯಾಡ. ‘ನೀ ಊರಾಗೇ ಇರ್ಬೇಕು. ನೂಲು ಹಿಡೀಲಿಕ್ಕೆ ಒಬ್ರು ಬೇಕಲ್ಲ.’

ರಜೆ ಹಾಕಿದ್ದೇನೆ.